ನಾಜಿಯಾ ಹಸನ್: ಕೇಳದೇ ಉಳಿದ ಅರ್ಧ ಕ್ಯಾಸೆಟ್

ಭದ್ರಾವತಿಯಲ್ಲಿದ್ದ ನಾನಿಯ ಮನೆಯಲ್ಲಿ ಛೋಟಿ ಖಾಲಾ ಅವರದೆಂದು ಒಂದು ಕ್ಯಾಸೆಟ್ ಇತ್ತು. ಕಂಪನಿಯ ಅಸಲಿ ಕ್ಯಾಸೆಟ್ ಅಲ್ಲ. ಪೇಟೆಯ ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಂಡು ಬಂದದ್ದು. ಮೇಲೆ ನೀಲಿ ಶಾಯಿಯಲ್ಲಿ ಉರ್ದು ಅಕ್ಷರಗಳಲ್ಲಿ 'ನಾಜಿಯಾ' ಎಂದಷ್ಟೇ ಬರೆದಿತ್ತು. ಮೊದಲು 'ಕುರ್ಬಾನಿ' ಚಿತ್ರದ ಹಾಡು, ಅದರ ಹಿಂದೆ 'ಡಿಸ್ಕೋ ದೀವಾನೆ', ಆಮೇಲೆ ಉಳಿದವು. ನಾನು ಹತ್ತು ವರ್ಷದವಳಿದ್ದಾಗ, ಅಂದರೆ 1990ರ ಸುಮಾರಿಗೆ, ಅದನ್ನು ಹಾಕಿ ಕೇಳಿದಾಗ ಮೊದಲೆರಡು ಹಾಡುಗಳ ಟೇಪು ಸವೆದು ಸವೆದು ದನಿ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಮೂರನೆಯ ಹಾಡಿನಿಂದ ಮುಂದಕ್ಕೆ ಮಾತ್ರ ಎಲ್ಲವೂ ಹೊಸದರಂತೆ ಸ್ವಚ್ಛ. ಅದನ್ನು ಯಾರೂ ಕೇಳಿರಲೇ ಇಲ್ಲ ಎಂದು ನಾನು ತಿಳಿದುಕೊಂಡೆ.

ನಾಜಿಯಾ ಹಸನ್ ಬಗ್ಗೆ ಬರೆಯುವಾಗ ಆ ಕ್ಯಾಸೆಟ್ಟೇ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. 1981ರಲ್ಲಿ ಬಂದ 'ಡಿಸ್ಕೋ ದೀವಾನೆ' ಆಲ್ಬಂ ಅನ್ನು ಕಡೆಗಣಿಸಲ್ಪಟ್ಟ ಕೃತಿ ಎಂದರೆ ಅನೇಕರು ನಗಬಹುದು. ಅದು ಭಾರತ, ಪಾಕಿಸ್ತಾನ ಎರಡೂ ಕಡೆ ಭರ್ಜರಿಯಾಗಿ ಮಾರಾಟವಾಯಿತು, ಮದುವೆ ಮನೆಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಮೊಳಗಿತು. ಆದರೆ ಮಾರಾಟವಾಗುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಆ ಆಲ್ಬಮ್ಮಿನ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಒಂದು ಹಾಡು. ಇನ್ನೂ ಸ್ವಲ್ಪ ನೆನಪಿಸಿಕೊಂಡರೆ ಆಲ್ಬಮ್ಮಿನಲ್ಲಿ ಇಲ್ಲದೇ ಇರುವ ಸಿನಿಮಾ ಹಾಡು 'ಆಪ್ ಜೈಸಾ ಕೋಯಿ'. ಅದಾದ ಮೇಲೆ ಆಕೆಯ ಮುಖ, ಆಕೆಯ ಸಾವು. ಒಬ್ಬ ಹದಿಹರೆಯದ ಹುಡುಗಿ ಒಂದು ಇಡೀ ಆಲ್ಬಮ್ಮಿನಲ್ಲಿ ಏನು ಮಾಡಿದಳು ಎಂಬುದನ್ನು ನಮ್ಮ ಭಾಷೆಗಳ ಸಂಗೀತ ವಿಮರ್ಶೆ ಕುಳಿತು ನೋಡಿದ್ದು ಕಡಿಮೆ. ಇಕ್ಬಾಲ್ ಬಾನೋ ಲಾಹೋರಿನಲ್ಲಿ ಫೈಜರ ನಜ್ಮ್ ಹಾಡಿದ ಸಂಜೆಯ ಬಗ್ಗೆ ನಮ್ಮಲ್ಲಿ ಗೌರವದಿಂದ ಬರೆಯುತ್ತಾರೆ, ಬರೆಯಲೇಬೇಕು. ಆದರೆ 'ಪಾಪ್' ಎಂದ ಕೂಡಲೇ ಅದೇ ಲೇಖಕರು ಪೆನ್ನು ಮುಚ್ಚಿಡುತ್ತಾರೆ. ಹುಡುಗಿಯರು ಹಾಡುವ, ಹುಡುಗಿಯರು ಕೇಳುವ ಸಂಗೀತಕ್ಕೆ ವಿಚಾರ ಮಾಡುವಷ್ಟು ತೂಕವಿಲ್ಲ ಎಂಬ ಹಳೆಯ ಅಸಡ್ಡೆ ಇದು.

ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ನಾಜಿಯಾ ಹುಟ್ಟಿದ್ದು 1965ರ ಏಪ್ರಿಲ್ 3ರಂದು, ಕರಾಚಿಯಲ್ಲಿ. ಬಾಲ್ಯ ಕರಾಚಿ ಮತ್ತು ಲಂಡನ್ ನಡುವೆ ಕಳೆಯಿತು. ಲಂಡನ್ನಿನ ಒಂದು ಔತಣಕೂಟದಲ್ಲಿ ನಟ, ನಿರ್ದೇಶಕ ಫಿರೋಜ್ ಖಾನ್ ಈ ಹುಡುಗಿಯನ್ನು ಕಂಡು, ಸಂಗೀತ ನಿರ್ದೇಶಕ ಬಿಡ್ಡು ಅವರ ಬಳಿಗೆ ಕಳಿಸಿದರು. 1980ರಲ್ಲಿ 'ಕುರ್ಬಾನಿ' ಬಂತು. ಮರುವರ್ಷ ಶ್ರೇಷ್ಠ ಹಿನ್ನೆಲೆ ಗಾಯಕಿಯ ಫಿಲ್ಮ್‌ಫೇರ್ ಪ್ರಶಸ್ತಿ ಈ ಶಾಲಾ ಬಾಲಕಿಯ ಕೈ ಸೇರಿತು. ಅದರ ಬೆನ್ನಿಗೇ ತಮ್ಮ ಜೊಹೇಬ್ ಜೊತೆ ಸೇರಿ ಮಾಡಿದ ಆಲ್ಬಂ 'ಡಿಸ್ಕೋ ದೀವಾನೆ'. ಸಂಗೀತ ಮತ್ತೆ ಬಿಡ್ಡು ಅವರದೇ.

ಈ ಬಿಡ್ಡು ಅಪ್ಪಯ್ಯ ನಮ್ಮವರು. ಕೊಡವ ಮನೆತನದವರು, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಅಲ್ಲೇ 'ಟ್ರೋಜನ್ಸ್' ಎಂಬ ಹುಡುಗರ ತಂಡದಲ್ಲಿ ಇಂಗ್ಲಿಷ್ ಹಾಡು ಹಾಡಿಕೊಂಡಿದ್ದವರು. ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಯೂರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿದಾಗ ಅದರ ನಿರ್ಮಾಪಕ ಇವರೇ. ಆ ಹಾಡಿನ ಕಥೆ ಸ್ವಾರಸ್ಯವಾಗಿದೆ. ತಟ್ಟೆಯ ಮುಖ್ಯ ಬದಿಗೆ ಬೇರೆ ಹಾಡು ಮಾಡಿ ಮುಗಿಸಿ, ಸ್ಟುಡಿಯೋದಲ್ಲಿ ಉಳಿದಿದ್ದ ಕೆಲವೇ ನಿಮಿಷಗಳಲ್ಲಿ ಹಿಂಬದಿ ತುಂಬಲೆಂದು ಅವಸರದಲ್ಲಿ ಹಾಡಿಸಿದ್ದು ಅದು. ಹಿಂಬದಿಯ ಬೆಲೆ ಬಿಡ್ಡುವಿಗೆ ಗೊತ್ತಿತ್ತು. ಕನ್ನಡದಲ್ಲಿ ಇವರ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು ಎಂಬುದು ನನ್ನ ತಕರಾರು, ಅದು ಇನ್ನೊಂದು ಲೇಖನದ ವಿಷಯ.

ಈಗ ದನಿಯ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ಹಿಂದಿ ಹಾಡು ಎಂದರೆ ಲತಾ, ಆಶಾ. ಹೆಣ್ಣಿನ ದನಿ ಎತ್ತರದ ಸ್ಥಾಯಿಯಲ್ಲಿರಬೇಕು, ಸ್ವರದಿಂದ ಸ್ವರಕ್ಕೆ ಜಾರುವಾಗ ಮುರ್ಕಿಯ ಕುಸುರಿ ಇರಬೇಕು ಎಂಬುದು ಬರೆಯದ ಕಾನೂನು. ನಾಜಿಯಾ ದನಿಗೆ ಇವೆರಡೂ ಇರಲಿಲ್ಲ. ಆಕೆಯದು ನಡುಸ್ಥಾಯಿಯ, ತುಸು ಮೂಗಿನಿಂದ ಬರುವ, ಕುಸುರಿ ಇಲ್ಲದ ನೇರ ದನಿ. ಸಾಲಿನ ಕೊನೆಯ ಸ್ವರವನ್ನು ಎಳೆದು ಅಲಂಕರಿಸುವುದಿಲ್ಲ, ಹಾಗೇ ಬಿಟ್ಟುಬಿಡುತ್ತಾಳೆ. ಶಾಸ್ತ್ರೀಯ ಸಂಗೀತ ಬಲ್ಲವರು ಇದನ್ನು ಕೊರತೆ ಎನ್ನುತ್ತಾರೆ. ಬಿಡ್ಡು ಇದನ್ನೇ ಬಂಡವಾಳ ಮಾಡಿಕೊಂಡರು. ಒಂದೇ ದನಿಯನ್ನು ಒಂದರ ಮೇಲೊಂದು ಪದರವಾಗಿ ಕೂಡಿಸಿ, ಬೇಸ್ ಗಿಟಾರು ಮತ್ತು ಡ್ರಮ್ಮಿನ ಸಮಕ್ಕೆ ತಂದು ನಿಲ್ಲಿಸಿದರು. ನಮ್ಮ ಸಿನಿಮಾ ಹಾಡುಗಳಲ್ಲಿ ವಾದ್ಯಗಳು ಗಾಯಕಿಯ ಹಿಂದೆ ಕೈಕಟ್ಟಿ ನಿಂತಿರುತ್ತವೆ. ಇಲ್ಲಿ ಗಾಯಕಿ ವಾದ್ಯಗಳ ಸಾಲಿನಲ್ಲೇ ಬಂದು ಕೂತಿದ್ದಾಳೆ.

'ಕುರ್ಬಾನಿ'ಯ ಹಾಡಿನ ಬಗ್ಗೆ ನನಗೊಂದು ಮುಜುಗರ ಇದ್ದೇ ಇದೆ. ತೆರೆಯ ಮೇಲೆ ಕ್ಲಬ್ಬಿನಲ್ಲಿ ಆ ಹಾಡಿಗೆ ತುಟಿ ಕೂಡಿಸಿದವರು ಜೀನತ್ ಅಮಾನ್. ಪ್ರಾಯಕ್ಕೆ ಬಂದ ಹೆಣ್ಣಿನ ದೇಹಕ್ಕೆ ಶಾಲೆಗೆ ಹೋಗುವ ಹುಡುಗಿಯ ದನಿಯನ್ನು ತೊಡಿಸಿದ ಹಾಡು ಅದು. ಕಣ್ಣು ಮುಚ್ಚಿ ಕೇಳಿದರೆ ಆ ದನಿಯಲ್ಲಿ ಮೋಹಿಸುವ ಆಟವಿಲ್ಲ, 'ಆಪ್' ಎಂದು ಬಹುವಚನ ಹಚ್ಚಿ ಮರ್ಯಾದೆಯಿಂದ ಮಾತಾಡುವ ಸಂಕೋಚವಿದೆ. ಕಣ್ಣು ತೆರೆದರೆ ಚಿತ್ರ ಬೇರೇನನ್ನೋ ಮಾರುತ್ತಿದೆ. 'ಡಿಸ್ಕೋ ದೀವಾನೆ' ಆಲ್ಬಮ್ಮಿನ ಮೊದಲ ಸಾಧನೆಯೇ ಇದು: ಅಲ್ಲಿ ಆ ದನಿಗೆ ತನ್ನ ವಯಸ್ಸು ಮರಳಿ ಸಿಕ್ಕಿತು. ನಾಯಕಿ ಇಲ್ಲ, ಕಥೆ ಇಲ್ಲ, ಕ್ಯಾಮೆರಾ ಇಲ್ಲ. ಹದಿನಾರರ ಹುಡುಗಿ ಹದಿನಾರರ ಹುಡುಗಿಯಾಗಿಯೇ ಹಾಡುತ್ತಾಳೆ.

ಇದಕ್ಕೆ ಒಳ್ಳೆಯ ಉದಾಹರಣೆ 'ಲೇಕಿನ್ ಮೇರಾ ದಿಲ್'. ನನ್ನ ಮಟ್ಟಿಗೆ ಆಲ್ಬಮ್ಮಿನ ಶ್ರೇಷ್ಠ ಹಾಡು ಇದೇ. ಹಾಡಿನ ಹೆಸರೇ 'ಆದರೆ' ಎಂಬ ಪದದಿಂದ ಆರಂಭವಾಗುತ್ತದೆ. ಉರ್ದು ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದ ಉಸ್ತಾನಿ, ವಾಕ್ಯವನ್ನು 'ಲೇಕಿನ್'ನಿಂದ ಆರಂಭಿಸಿದರೆ ಕೆಂಪು ಗೆರೆ ಎಳೆಯುತ್ತಿದ್ದರು. ಏಕೆಂದರೆ ಅದರ ಹಿಂದೆ ಇನ್ನೊಂದು ಮಾತು ಇರಬೇಕು. ಈ ಹಾಡಿನಲ್ಲಿ ಆ ಹಿಂದಿನ ಮಾತು ಏನೆಂಬುದು ಡಿಸ್ಕೋ ಕುಣಿತದ ಗದ್ದಲವನ್ನು ಕೇಳಿ ಬಂದವರಿಗೆ ತಾನೇ ತಿಳಿಯುತ್ತದೆ. ಎಲ್ಲರೂ ಕುಣಿಯುತ್ತಿದ್ದಾರೆ, ಆದರೆ. ಇದು ದುಃಖದ ಹಾಡು, ಆದರೂ ನಾಜಿಯಾ ಇದನ್ನು ಅಳುತ್ತಾ ಹಾಡುವುದಿಲ್ಲ. ಅಲಂಕಾರವಿಲ್ಲದ ಆ ನೇರ ದನಿ ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ. ಮನೆ ತುಂಬ ನೆಂಟರಿರುವಾಗ ಕೋಣೆಯ ಮೂಲೆಯಲ್ಲಿ ಕೂತ ಹುಡುಗಿ 'ಏನಿಲ್ಲ' ಎಂದು ಹೇಳುವಾಗ ಇರುವ ದನಿ ಅದು. ದೊಡ್ಡ ಗಾಯಕಿಯರು ದುಃಖವನ್ನು ನಮಗೆ ಬಡಿಸುತ್ತಾರೆ, ಈ ಹುಡುಗಿ ಅದನ್ನು ಅಡಗಿಸಲು ನೋಡಿ ಸೋಲುತ್ತಾಳೆ.

'ಆವೋ ನಾ' ಇನ್ನೊಂದು ಬಗೆಯ ಹಾಡು, ಕರೆಯುವ ಹಾಡು. 'ಮುಝೆ ಚಾಹೆ ನ ಚಾಹೆ' ಅಕ್ಕ ತಮ್ಮ ಇಬ್ಬರೂ ಸೇರಿ ಹಾಡಿದ್ದು. ನೀನು ನನ್ನನ್ನು ಬಯಸು, ಬಯಸದಿರು ಎಂಬರ್ಥದ ಪ್ರೇಮಗೀತೆಯನ್ನು ಒಡಹುಟ್ಟಿದವರು ಹಾಡುವುದೆಂದರೆ ನಮ್ಮ ಮನೆಗಳಲ್ಲಿ ಹುಬ್ಬೇರುತ್ತದೆ. ಆದರೆ ಕೇಳಿ ನೋಡಿದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಾಡುತ್ತಿಲ್ಲ. ಪಕ್ಕಪಕ್ಕದಲ್ಲಿ ಕೂತು ಇಬ್ಬರೂ ಹೊರಗೆ ಎಲ್ಲೋ ನೋಡುತ್ತಿದ್ದಾರೆ. ನಮ್ಮ ಮದುವೆಗಳಲ್ಲಿ ಢೋಲಕ್ ಸುತ್ತ ಕೂತು ಮನೆಯ ಹೆಣ್ಣುಮಕ್ಕಳು ವಿರಹದ ಹಾಡು ಹಾಡುವುದಿಲ್ಲವೇ, ಅದೇ ರೀತಿ.

ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಸಾಹಿತ್ಯ ಬಡವಾಗಿದೆ. ದಿಲ್, ರಾತ್, ಪ್ಯಾರ್ ಎಂಬ ಮೂರು ನಾಲ್ಕು ಪದಗಳನ್ನೇ ಮಗುಚಿ ಹಾಕಿದ್ದಾರೆ. ಮೀರ್, ಗಾಲಿಬ್ ಓದಿ ಬಂದವರಿಗೆ ನಿರಾಸೆ ಖಂಡಿತ. ತಾಳ ಹಾಡಿನಿಂದ ಹಾಡಿಗೆ ಹೆಚ್ಚು ಬದಲಾಗದೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ವಾದ್ಯಗಳು ಕೆಲವೆಡೆ ಜಾಗ ತುಂಬಲೆಂದೇ ಮೊಳಗುತ್ತವೆ. ಜೊಹೇಬ್ ಇನ್ನೂ ಚಿಕ್ಕ ಹುಡುಗ, ಅಕ್ಕನಷ್ಟು ದನಿ ಕುದುರಿಲ್ಲ. ಇಷ್ಟಾದರೂ ಆ ಬಡ ಉರ್ದುವಿನಲ್ಲಿ ನನಗೊಂದು ಖುಷಿ ಸಿಗುತ್ತದೆ. ನಮ್ಮ ಮನೆಯ ಮಾತು ದಖನಿ. 'ಹೌ', 'ನಕ್ಕೋ' ಎಂದರೆ ಶಾಲೆಯಲ್ಲಿ ತಿದ್ದುತ್ತಿದ್ದರು, ಶುದ್ಧ ಉರ್ದು ಮಾತಾಡಿದರೆ ಮನೆಯಲ್ಲಿ ನಗುತ್ತಿದ್ದರು. ಉರ್ದು ಎಂದರೆ ಮುಶಾಯರಾದ, ಗಜಲಿನ, ಹಿರಿಯರ ಭಾಷೆ, ನಾವು ಅದರ ಹೊಸ್ತಿಲಲ್ಲಿ ನಿಂತವರು ಎಂಬ ಭಾವನೆ ಇತ್ತು. ಲಂಡನ್ನಿನಲ್ಲಿ ಬೆಳೆದ ಈ ಹುಡುಗಿ ಉರ್ದುವನ್ನು ಯಾರ ಅಪ್ಪಣೆಯನ್ನೂ ಕೇಳದೆ, ತಪ್ಪಾದೀತೆಂಬ ಭಯವಿಲ್ಲದೆ, ಗೆಳತಿಯರ ನಡುವೆ ಆಡುವ ಮಾತಿನಂತೆ ಹಾಡಿದಳು.

ಆ ವರ್ಷಗಳು ಎಂಥವು ಎಂಬುದನ್ನೂ ನೆನೆಯಬೇಕು. ಪಾಕಿಸ್ತಾನದಲ್ಲಿ 1977ರಿಂದ ಜನರಲ್ ಜಿಯಾ ಉಲ್ ಹಕ್ ಆಡಳಿತ. ದೂರದರ್ಶನದ ವಾರ್ತೆ ಓದುವ ಹೆಂಗಸರೂ ತಲೆ ಮೇಲೆ ದುಪಟ್ಟಾ ಹೊದೆಯಬೇಕೆಂದು ಆಜ್ಞೆಯಾಗಿದ್ದ ಕಾಲ. ಈ ಕಡೆ ಭಾರತದಲ್ಲಿ ಸಿನಿಮಾದಿಂದ ಹೊರಗೆ ಹಾಡೆಂದರೆ ಭಜನೆ, ಗಜಲು ಇಲ್ಲವೇ ಕವ್ವಾಲಿ. ಸಿನಿಮಾ ಅಲ್ಲದ ಪಾಪ್ ಸಂಗೀತಕ್ಕೆ ಅಂಗಡಿಯಲ್ಲಿ ಒಂದು ಕಪಾಟೂ ಇರಲಿಲ್ಲ. ಅಮೆರಿಕದಲ್ಲಿ ಡಿಸ್ಕೋ ವಿರೋಧಿಗಳು 1979ರ ಜುಲೈಯಲ್ಲಿ ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದ್ದರು. ಅಲ್ಲಿ ಮುಗಿದ ಸಂಗೀತ ಇಲ್ಲಿ ಶುರುವಾಯಿತು. 'ಡಿಸ್ಕೋ ಡ್ಯಾನ್ಸರ್' ಚಿತ್ರ ಬಂದದ್ದು 1982ರ ಕೊನೆಗೆ. ಅದಕ್ಕೂ ಮೊದಲೇ ನಾಜಿಯಾ ಬಂದಿದ್ದಳು. ಇಂಡಿಪಾಪ್ ಎಂದು 1995ರಲ್ಲಿ ನಾವು ಸಂಭ್ರಮಿಸಿದ ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ಕೂಡ ಬಿಡ್ಡುವಿನದೇ ಸಂಗೀತ. ಹದಿನಾಲ್ಕು ವರ್ಷ ಮೊದಲು ದಾರಿ ಕಡಿದವಳ ಹೆಸರು ಆ ಸಂಭ್ರಮದಲ್ಲಿ ಎಷ್ಟು ಜನರ ಬಾಯಲ್ಲಿತ್ತು?

ಮುಂದಿನದು ತಿಳಿದದ್ದೇ. 'ಬೂಮ್ ಬೂಮ್' (1982), 'ಯಂಗ್ ತರಂಗ್' (1984), 'ಹಾಟ್‌ಲೈನ್' (1987), 'ಕ್ಯಾಮೆರಾ ಕ್ಯಾಮೆರಾ' (1992). ನಡುನಡುವೆ ಅಂತರ ಹೆಚ್ಚುತ್ತಾ ಹೋಯಿತು. ಅವರು ಕಾನೂನು ಓದಿದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು, ಹಾಡುವುದನ್ನು ಬಿಟ್ಟರು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು ಮೂವತ್ತೈದು. ಆಮೇಲೆ ಬಂದ ಬರಹಗಳೆಲ್ಲ ಆ ಸಾವಿನಿಂದಲೇ ಆರಂಭವಾಗುತ್ತವೆ, ಹಾಡುಗಳನ್ನೂ ಸಾವಿನ ಕನ್ನಡಕದಿಂದಲೇ ನೋಡುತ್ತವೆ. 2012ರ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರದಲ್ಲಿ ಆಕೆಯ ದನಿಯನ್ನು ಮತ್ತೆ ಬಳಸಿಕೊಂಡರು. ಬಳಸಿದ್ದು ಅದೇ 'ಡಿಸ್ಕೋ ದೀವಾನೆ'ಯನ್ನು. ಈಗ ಮೊಬೈಲಿನಲ್ಲಿ ಆಲ್ಬಂ ಹುಡುಕಿದರೂ ಹೆಚ್ಚು ಜನ ಕೇಳಿದ ಹಾಡೇ ಮೇಲೆ ಬಂದು ಕೂರುತ್ತದೆ, 'ಲೇಕಿನ್ ಮೇರಾ ದಿಲ್' ಬೆರಳಿನಿಂದ ಕೆಳಕ್ಕೆ ತಳ್ಳಿ ಹುಡುಕಬೇಕು.

ಈ ಲೇಖನಕ್ಕೆಂದು ಕಳೆದ ತಿಂಗಳು ಛೋಟಿ ಖಾಲಾ ಅವರನ್ನು ಕಾಣಲು ಹೋಗಿದ್ದೆ. ಅವರಿಗೂ ನಾಜಿಯಾ ವಯಸ್ಸೇ, ಈಗ ಅರವತ್ತು ದಾಟಿದೆ. ಹುಡುಗಿಯಾಗಿದ್ದಾಗ ಮೊಹಲ್ಲಾದ ಯಾವ ಮದುವೆಯಾದರೂ ಢೋಲಕ್ ಮುಂದೆ ಖಾಲಾ ಇರಲೇಬೇಕಿತ್ತಂತೆ. ನಾನಂತೂ ಅವರ ಹಾಡು ಕೇಳಿದವಳಲ್ಲ. ನಿಕಾಹ್ ಆದ ಮೇಲೆ ಹಾಡುವುದು ನಿಂತಿತು. ಯಾರೂ ನಿಲ್ಲಿಸು ಎನ್ನಲಿಲ್ಲ, ಯಾರೂ ಹಾಡು ಎನ್ನಲೂ ಇಲ್ಲ ಎಂದು ಅಮ್ಮಿ ಒಮ್ಮೆ ಹೇಳಿದ್ದರು.

ಕ್ಯಾಸೆಟ್ ಮಾತು ತೆಗೆದೆ. "ಮೊದಲೆರಡು ಹಾಡು ಅಷ್ಟು ಕೇಳಿದ್ದೀರಿ ಖಾಲಾ, ಟೇಪೇ ಸವೆದು ಹೋಗಿತ್ತು" ಎಂದೆ.

"ನಾನೆಲ್ಲಿ ಕೇಳಿದೆ ಬೇಟಾ?" ಎಂದರು. "ಅದು ನಿನ್ನ ಮಾಮೂಗಳ ಕೆಲಸ. ತಿರುಗಿಸಿ ತಿರುಗಿಸಿ ಅವೆರಡನ್ನೇ ಹಾಕಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದರು. ಅವರು ಮಿಲ್ಲಿಗೆ ಹೋದ ಮೇಲೆ ನಾನು ಒಬ್ಬಳೇ ಅಡುಗೆಮನೆಯಲ್ಲಿ ಮುಂದಿನವನ್ನು ಹಾಕುತ್ತಿದ್ದೆ. ಸಣ್ಣದಾಗಿ. ಸೆಲ್ ಮುಗಿಯುತ್ತದೆ ಎಂದು ದಿನಕ್ಕೆ ಒಂದೇ ಸಲ."

ಯಾವ ಹಾಡು ಎಂದು ಕೇಳಿದೆ. ಖಾಲಾ ಹೆಸರು ಹೇಳಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, 'ಮುಝೆ ಚಾಹೆ ನ ಚಾಹೆ' ಹಾಡನ್ನು ಗುನುಗಿದರು. ಎರಡೂ ಭಾಗ, ಅಕ್ಕನದೂ ತಮ್ಮನದೂ.