ಹಳೆಯ ವಿಟೆಕ್ ಇಟ್ಟುಕೊಳ್ಳುವವರಿಗೆ

ಅಕ್ಕನ ಮಗನಿಗೆ ಇಪ್ಪತ್ತಾರು. ಅವನ ಹೋಂಡಾ ಸಿಟಿ ಅವನಿಗಿಂತ ಎರಡೇ ವರ್ಷ ಚಿಕ್ಕದು. 2002ರಲ್ಲಿ ಭಾವ ಕೊಂಡ 1.5 ವಿಟೆಕ್. 2027ಕ್ಕೆ ಅದರ ಆರ್‌ಸಿ ಅವಧಿ ಮುಗಿಯುತ್ತದೆ. ‘ಮಾಮ, ಇಟ್ಕೊಳ್ಳಲಾ, ಕೊಟ್ಬಿಡ್ಲಾ?’ ಎಂದು ಆರು ತಿಂಗಳಿಂದ ಕೇಳುತ್ತಿದ್ದಾನೆ. ಬೆಂಗಳೂರಿನಲ್ಲಿ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಒಬ್ಬನ ಹತ್ತಿರ ಪಾಲಿಯೋ 1.6, ಇನ್ನೊಬ್ಬನ ಹತ್ತಿರ ಐಕಾನ್, ಮತ್ತೊಬ್ಬನ ಹತ್ತಿರ ಪೋಲೊ ಜಿಟಿ. ಹಾಗಾಗಿ ಈ ಒಂದು ಕಾರಿನ ಜೊತೆಗೆ, ಇಂಥ ಕಾರನ್ನು ನಮ್ಮ ಹುಡುಗರು ಇಟ್ಟುಕೊಳ್ಳುವ ರೀತಿಯನ್ನೂ ತೂಗಿ ನೋಡಬೇಕು.

ಮೊದಲು ಕಾರಿನ ಗುಣ. ಎಂಜಿನ್ 106 ಅಶ್ವಶಕ್ತಿಯದು. 2003ರಲ್ಲಿ ಇದರ ಜಾಗಕ್ಕೆ ಬಂದ ಹೊಸ ಸಿಟಿಗೆ ಇದ್ದದ್ದು 77. ಮೈಲೇಜು ಮುಖ್ಯವೆಂದು ಕಂಪನಿ ಆಗ ದಾರಿ ಬದಲಿಸಿತು. ಆದ್ದರಿಂದಲೇ ಹಳೆಯದಕ್ಕೆ ಇವತ್ತಿಗೂ ಹೆಸರು. ವಿಟೆಕ್ ಕೆಲಸ ಮಾಡುವ ಬಗೆ ತಿಳಿದುಕೊಳ್ಳುವಂಥದ್ದು. ಕ್ಯಾಮ್‌ಶಾಫ್ಟಿನ ಮೇಲೆ ವಾಲ್ವ್ ತೆರೆಯಲು ಎರಡು ಬಗೆಯ ಉಬ್ಬುಗಳಿವೆ. ನಿಧಾನಕ್ಕೆ ಹೋಗುವಾಗ ಸಣ್ಣ ಉಬ್ಬು ಸಾಕು. ಎಂಜಿನ್ ವೇಗ ಹಿಡಿದಾಗ ಆಯಿಲ್ ಒತ್ತಡಕ್ಕೆ ಒಂದು ಪಿನ್ನು ಸರಿದು, ದೊಡ್ಡ ಉಬ್ಬು ಕೆಲಸಕ್ಕೆ ಇಳಿಯುತ್ತದೆ. ವಾಲ್ವ್ ಇನ್ನಷ್ಟು ಆಳಕ್ಕೆ, ಇನ್ನಷ್ಟು ಹೊತ್ತು ತೆರೆದುಕೊಳ್ಳುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ವಾಪಸು ಹತ್ತುವಾಗ ಅವನ ಪಕ್ಕದಲ್ಲಿ ನಾನು ಕೂತಿದ್ದೆ. ಎರಡನೇ ಗೇರು. ಮುಳ್ಳು ಐದು ಸಾವಿರದ ಹತ್ತಿರ ಬರುತ್ತಿದ್ದಂತೆ ಅಲ್ಲಿಯವರೆಗೆ ಗೊಣಗುತ್ತಿದ್ದ ಎಂಜಿನ್ ಗಂಟಲು ಬಿಚ್ಚಿ ಹಾಡಿತು. ತಿರುವಿಗೆ ಮುಂಚೆ ಗೇರು ಇಳಿಸದಿದ್ದರೆ ಆ ಶಕ್ತಿ ಸಿಗುವುದಿಲ್ಲ. ಇವತ್ತಿನ ಟರ್ಬೊ ಕಾರು, ಉದಾಹರಣೆಗೆ 150 ಅಶ್ವಶಕ್ತಿಯ ವರ್ಟಸ್, ಕಾಲಿಟ್ಟ ಕೂಡಲೇ ಎಳೆಯುತ್ತದೆ. ಗೇರು ತಪ್ಪಿದರೂ ಮುಚ್ಚಿಹಾಕುತ್ತದೆ. ಈ ಹಳೆಯದು ತಪ್ಪನ್ನು ಅಲ್ಲೇ ತೋರಿಸಿಕೊಡುತ್ತದೆ. ಚಾಲನೆ ಕಲಿಯುವ ಹುಡುಗನಿಗೆ ಅಂಥ ಗುರು ಈಗ ಶೋರೂಮಿನಲ್ಲಿ ಸಿಗುವುದಿಲ್ಲ. ಇದು ನಾನು ಮನಸಾರೆ ಮೆಚ್ಚಿದ ಗುಣ.

ಇನ್ನು ದೋಷ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹೊಸ ಮಾದರಿಯ ಕಾರುಗಳು ಡಿಕ್ಕಿ ಪರೀಕ್ಷೆಯಲ್ಲಿ ಪಾಸಾಗಲೇಬೇಕೆಂಬ ನಿಯಮ ನಮ್ಮಲ್ಲಿ ಬಂದದ್ದೇ 2017ರಲ್ಲಿ. ವರ್ಟಸ್ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆಯಿತು. ಈ ಅಂತರವನ್ನು ಯಾವ ಮೆಕ್ಯಾನಿಕ್ಕೂ ತುಂಬಲಾರ. ಪ್ರೀತಿಯ ಮಾತಿನಲ್ಲಿ ಇದನ್ನು ಮರೆಸುವುದು ತಪ್ಪು.

ಜೆ.ಸಿ. ರಸ್ತೆಯ ಹಿಂದಿನ ಓಣಿಯೊಂದರ ಗ್ಯಾರೇಜಿಗೆ ಇಬ್ಬರೂ ಹೋಗಿದ್ದೆವು. ಹುಡುಗ ಕೇಳಲು ಹೋದದ್ದು ದೊಡ್ಡ ಸದ್ದಿನ ಸೈಲೆನ್ಸರ್. ಮೆಕ್ಯಾನಿಕ್ ಬಾನೆಟ್ ಎತ್ತಿ, ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಬಗ್ಗಿಸಿ ಹಿಡಿದರು. ಬಗ್ಗಿದ ಕಡೆ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ಬಟ್ಟೆಯಿಂದ ಒರೆಸಿ ಮೂಗಿಗೆ ಹಿಡಿದು, ‘ಪೈಪು ಬೆವರ್ತಾ ಇದೆ ಸಾರ್. ಸೌಂಡು ಆಮೇಲೆ ನೋಡಣ’ ಎಂದರು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ತಕ್ಕ ರಬ್ಬರು, ಸೀಲುಗಳೊಂದಿಗೆ ಕಾರುಗಳು ಬರತೊಡಗಿದ್ದು 2023ರಿಂದ. 2002ರ ರಬ್ಬರಿಗೆ ಅದು ಗೊತ್ತಿಲ್ಲ.

ನಮ್ಮ ಹುಡುಗರ ಅಭ್ಯಾಸದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಇಲ್ಲೇ ಇದೆ. ಹಳೆಯ ಕಾರು ಕೈಗೆ ಬಂದ ಕೂಡಲೇ ದುಡ್ಡು ಹೋಗುವುದು ಕಣ್ಣಿಗೆ ಕಾಣುವುದಕ್ಕೆ, ಕಿವಿಗೆ ಕೇಳುವುದಕ್ಕೆ: ಅಲಾಯ್ ಚಕ್ರ, ಸೈಲೆನ್ಸರ್, ಸ್ಟಿಕ್ಕರ್. ಟೈಮಿಂಗ್ ಬೆಲ್ಟು, ಬ್ರೇಕ್ ಹೋಸು, ಸಸ್ಪೆನ್ಷನ್ ಬುಷ್ಷು, ಟೈರಿನ ವಯಸ್ಸು ಇವನ್ನು ಕೇಳುವವರಿಲ್ಲ. ಆಯಿಲ್ ಒತ್ತಡದಿಂದಲೇ ನಡೆಯುವ ಎಂಜಿನ್ನಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದೆ, ಅದರ ಬಾಲಕ್ಕೆ ಮಾತ್ರ ಸಾವಿರಗಟ್ಟಲೆ ಸುರಿಯುವವನಿಗೆ ತನ್ನ ಕಾರೇ ಅರ್ಥವಾಗಿಲ್ಲ. ಮೂಲ ವಿನ್ಯಾಸ ಮೀರಿ ವಾಹನ ಬದಲಿಸುವುದು ಕಾನೂನಿಗೂ ವಿರುದ್ಧ. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಖಚಿತವಾಗಿ ಹೇಳಿದೆ. ಕಾನೂನು ಬದಿಗಿರಲಿ, ಹೋಂಡಾ ಎಂಜಿನಿಯರುಗಳು ತೂಕ, ಉಸಿರು, ಶಕ್ತಿ ಮೂರನ್ನೂ ಹೊಂದಿಸಿ ಕೊಟ್ಟ ಕಾರಿದು. ಆ ಹದವೇ ಇದರ ಚೆಲುವು. ಸದ್ದಿಗಾಗಿ ಹದ ಕೆಡಿಸಿದರೆ ಉಳಿಸಿಕೊಂಡದ್ದಾದರೂ ಏನನ್ನು?

ಖರ್ಚಿನ ಲೆಕ್ಕವೂ ಬೇಕು. ಹದಿನೈದು ವರ್ಷ ದಾಟಿದ ಕಾರಿಗೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿತು. ದೆಹಲಿಯಲ್ಲಿ ಹದಿನೈದು ದಾಟಿದ ಪೆಟ್ರೋಲ್ ಕಾರಿನ ಮೇಲೆ ಇರುವ ಕಟ್ಟುನಿಟ್ಟು ಇಲ್ಲಿಲ್ಲ. ಐದು ವರ್ಷಕ್ಕೆ ಹಂಚಿದರೆ ಹತ್ತು ಸಾವಿರ ಭಾರವೇನಲ್ಲ. ನಿಜವಾದ ಖರ್ಚು ಬಿಡಿಭಾಗ ಹುಡುಕುವ ಅಲೆದಾಟ, ಜೆ.ಸಿ. ರಸ್ತೆಯಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲದಿದ್ದರೆ ವಿಜಯವಾಡದ ಆಟೋನಗರದವರೆಗೂ ಫೋನು. ಆ ಅಲೆದಾಟ ಯಾರಿಗೆ ಬೇಸರವೋ ಅವರಿಗೆ ಈ ಕಾರು ಬೇಡ.

ನನ್ನ ತೀರ್ಮಾನ ಇಷ್ಟು. ಮನೆಗೆ ಇರುವುದು ಒಂದೇ ಕಾರಾಗಿದ್ದು, ಅಪ್ಪ ಅಮ್ಮ, ಮಕ್ಕಳು ಅದರಲ್ಲೇ ಹೆದ್ದಾರಿಗೆ ಹೋಗುವುದಾದರೆ ಹಳೆಯದನ್ನು ಕೊಟ್ಟುಬಿಡಬೇಕು. ಅದೂ ನೋಡಿಕೊಳ್ಳಬಲ್ಲವನ ಕೈಗೆ. ದಿನದ ಓಡಾಟಕ್ಕೆ ಬೇರೆ ದಾರಿ ಇದ್ದು, ಕಾಣದ ಭಾಗಗಳಿಗೆ ಮೊದಲು ದುಡ್ಡು ಹಾಕುವ ಮನಸ್ಸಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ನಮ್ಮ ಹುಡುಗ ಆಫೀಸಿಗೆ ಹೋಗುವುದು ರಾಜಾಜಿನಗರದಿಂದ ಮೆಟ್ರೋದಲ್ಲಿ. ‘ಇಟ್ಕೋ’ ಎಂದೆ.

ಸೈಲೆನ್ಸರ್ ದುಡ್ಡಿನಲ್ಲಿ ಪೆಟ್ರೋಲ್ ಪೈಪು, ನಾಲ್ಕೂ ಬ್ರೇಕ್ ಹೋಸು, ಟೈಮಿಂಗ್ ಬೆಲ್ಟು ಹೊಸದಾಯಿತು. ಹೊರಗಿನಿಂದ ನೋಡಿದರೆ ಕಾರು ಹೇಗಿತ್ತೋ ಹಾಗೇ ಇದೆ. ಹೋದ ತಿಂಗಳು ಅಕ್ಕ ಧರ್ಮಸ್ಥಳಕ್ಕೆ ಹೊರಟಾಗ, ಅವನೇ ಮುಂದಾಗಿ ತಮ್ಮಿಬ್ಬರಿಗೂ ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಸೀಟು ಬುಕ್ ಮಾಡಿದ.