ಜೀರಿಗೆ-ಬೆಲ್ಲದ ಪರೀಕ್ಷೆ

ಅಂತರಪಟ ಸರಿದ ಕೂಡಲೇ ಹೆಣ್ಣು ಗಂಡಿನ ತಲೆಯ ಮೇಲೆ ಜೀರಿಗೆ-ಬೆಲ್ಲ ಇಡಬೇಕು. ಆತ ಅವಳಿಗಿಂತ ಎತ್ತರದವನಾದರೆ ತೋಳು ಪೂರ್ತಿ ಮೇಲೇಳಬೇಕು. ಮದುವೆಯ ಡಿಸೈನರ್ ಉಡುಪಿಗೆ ಇದಕ್ಕಿಂತ ನಿಷ್ಠುರವಾದ ಪರೀಕ್ಷೆ ಇಲ್ಲ. ನೆಟ್ಟಗೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಯಾವ ಉಡುಪಾದರೂ ಚೆಂದವೇ. ಹಸೆಮಣೆಯ ಮೇಲೆ ಕಾಲು ಮಡಚಿ ಕೂತಾಗ, ಹಿರಿಯರ ಕಾಲಿಗೆ ಬಗ್ಗಿದಾಗ, ಎಲೆಯ ಮುಂದೆ ಉಣ್ಣುವಾಗ ಅದರ ನಿಜಗುಣ ತಿಳಿಯುತ್ತದೆ.

ಕೋಲಾರ, ಮಾಲೂರಿನಿಂದ ಆಂಧ್ರದ ಗಡಿಯ ಮುಳಬಾಗಿಲು, ಶ್ರೀನಿವಾಸಪುರದವರೆಗೆ ಮದುವಣಗಿತ್ತಿಗೆ ಈಗ ಮಗ್ಗಂ ವರ್ಕ್ ರವಿಕೆ ಬೇಕೇ ಬೇಕು. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆಸೂಜಿಯಿಂದ ಜರಿ, ಮಣಿ, ಕುಂದನ್ ಕೂರಿಸುವ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದೊಂದು ತೋಳಿಗೂ ಬೆನ್ನು ಬಗ್ಗಿಸಿದ ಎಷ್ಟೋ ಗಂಟೆಗಳ ದುಡಿಮೆ ಸಂದಿರುತ್ತದೆ. ಆದರೆ ಕಸೂತಿ ದಟ್ಟವಾದಷ್ಟೂ ಬಟ್ಟೆ ಬಿರುಸಾಗುತ್ತದೆ. ಮೊಣಕೈವರೆಗೆ ಮಣಿ ತುಂಬಿದ ತೋಳು ಮಡಚುವುದೇ ಇಲ್ಲ. ಕಂಕುಳಿನ ಹತ್ತಿರದ ಮಣಿಗಳು ಚರ್ಮವನ್ನು ಕೆರೆಯುತ್ತವೆ, ಸೆರಗಿನ ಎಳೆಯನ್ನೂ ಕೀಳುತ್ತವೆ.

ಇನ್ನೊಂದು ದೋಷ ಕಾಣಿಸುವುದು ಮದುವೆಯಾಗಿ ವರ್ಷ ಕಳೆದ ಮೇಲೆ. ರವಿಕೆಯ ಅಳತೆಯನ್ನು ಬಟ್ಟೆಯ ಮೇಲೆ ಬರೆದು, ಕಸೂತಿ ಮುಗಿಸಿ, ಆಮೇಲೆ ಕತ್ತರಿಸುವುದು ಇದರ ಕ್ರಮ. ಪಕ್ಕದ ಹೊಲಿಗೆಯವರೆಗೂ ಕಸೂತಿ ಹರಿದಿದ್ದರೆ ಬಿಚ್ಚಿ ಅಗಲ ಮಾಡುವುದು ಕಷ್ಟ. ಅನುಭವಿ ಟೈಲರ್ ಎರಡೂ ಪಕ್ಕ ಒಳಗೆ ಬಟ್ಟೆ ಬಿಡುತ್ತಾನೆ. ಬಾಣಂತನದ ನಂತರವೂ ಅದೇ ರವಿಕೆ ಮೈಗೆ ಒದಗಲಿ ಎಂಬ ಅಕ್ಕರೆ ಅದರಲ್ಲಿದೆ. ಕಂಕುಳನ್ನೂ ಪಕ್ಕವನ್ನೂ ಖಾಲಿ ಬಿಟ್ಟು ಬೆನ್ನಿಗೆ, ತೋಳಿನ ಅಂಚಿಗೆ ಮಾತ್ರ ಕಸೂತಿ ಹಾಕಿದ ರವಿಕೆಗಳನ್ನೂ ನೋಡಿದ್ದೇನೆ. ಅಂದ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ. ನನ್ನ ಪಾಲಿಗೆ ಉತ್ತಮ ವಿನ್ಯಾಸವೆಂದರೆ ಅದು.

ಆರತಕ್ಷತೆಯ ಗೌನ್‌ನದು ಬೇರೆ ಕಥೆ. ಸೀರೆ ಉಟ್ಟು ರೂಢಿಯಿಲ್ಲದ ಹುಡುಗಿಗೆ ನೆರಿಗೆ, ಪಿನ್ನುಗಳ ಚಿಂತೆಯಿಲ್ಲ, ಬಾಡಿಗೆಗೂ ಸಿಗುತ್ತದೆ. ಅವಳ ಆ ಸಂಭ್ರಮವನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಕೆಳಗೆ ಗೌನನ್ನು ಉಬ್ಬಿಸುವ ಬಿರುಸು ಒಳಲಂಗ ಕ್ಯಾನ್‌ಕ್ಯಾನ್, ಮೇಲೆ ಪಾಲಿಯೆಸ್ಟರ್ ನೆಟ್, ನಡುವೆ ಸೆಖೆ. ಸಾಧಾರಣ ಹವೆಯಲ್ಲಿ ರೇಷ್ಮೆ ತನ್ನ ತೂಕದ ಶೇ. 11ರಷ್ಟು ತೇವವನ್ನು ಒಳಗೆಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು ಮಾತ್ರ. ಏಪ್ರಿಲ್ ತಿಂಗಳ ಛತ್ರದಲ್ಲಿ, ವಿಡಿಯೋ ದೀಪಗಳ ಎದುರು ಮೂರು ತಾಸು ನಿಂತವಳಿಗೆ ಈ ಅಂಕಿ ಮೈಮೇಲೆಯೇ ಅರ್ಥವಾಗುತ್ತದೆ. ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾರುವ ಕೋಲಾರ ಜಿಲ್ಲೆಯ ಮಗಳು ಹೀಗೆ ಬೇಯುವುದು ನೋಡಿದರೆ ಸಂಕಟವಾಗುತ್ತದೆ.

ಹಾಗೆಂದು ಪಾಲಿಯೆಸ್ಟರನ್ನೇ ದೂರಿದರೆ ನ್ಯಾಯವಾಗದು. ಜಪಾನಿನ ವಿನ್ಯಾಸಕ ಇಸ್ಸೇ ಮಿಯಾಕೆ 1993ರಲ್ಲಿ ತಂದ ‘ಪ್ಲೀಟ್ಸ್ ಪ್ಲೀಸ್’ ಉಡುಪುಗಳೂ ಪಾಲಿಯೆಸ್ಟರಿನವೇ. ಉಡುಪನ್ನು ಮೊದಲು ಹೊಲಿದು, ಆಮೇಲೆ ಶಾಖ ಕೊಟ್ಟು ಸಣ್ಣ ನೆರಿಗೆ ಕೂರಿಸಿದ. ಒಗೆಯಬಹುದು, ಸುತ್ತಿ ಚೀಲದಲ್ಲಿಡಬಹುದು, ಇಸ್ತ್ರಿ ಬೇಡ. ಮೈ ಅಲುಗಿದಂತೆ ನೆರಿಗೆ ಹಿಗ್ಗಿ ಕುಗ್ಗುತ್ತದೆ. ಕಲ್ಪನೆಗೂ ನೆಮ್ಮದಿಗೂ ವೈರವಿಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ನಮ್ಮಲ್ಲೇ ಅದಕ್ಕೂ ಹಳೆಯ ಸಾಕ್ಷಿಯಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆಗೆ ಒಂದೇ ಬಣ್ಣ, ಜರಿಯ ಅಂಚು, ಅಷ್ಟೇ. ಹುರಿ ಹಾಕಿದ ನೂಲಿನಿಂದಾಗಿ ಬಟ್ಟೆ ಮೈಮೇಲೆ ಇಳಿಬೀಳುತ್ತದೆ. ಕತ್ತರಿ ತಾಗದ ಬಟ್ಟೆಯಾದ್ದರಿಂದ ತಾಯಿಯ ಸೀರೆ ಮಗಳಿಗೂ ಒದಗುತ್ತದೆ. ಬೆಲೆ ಎಲ್ಲರ ಕೈಗೆಟುಕದು ಎಂಬ ಕೊರತೆ ನಿಜ. ಆದರೆ ಅದರ ತಿಳಿವನ್ನು ಯಾವ ವಿನ್ಯಾಸಕನಾದರೂ ಎರವಲು ಪಡೆಯಬಹುದು.

ಟ್ರಯಲ್‌ಗೆ ಹೋದ ಮಗಳಿಗೆ ನನ್ನದೊಂದು ಮಾತು: ಕನ್ನಡಿ ನೋಡುವ ಮುಂಚೆ ಅಂಗಡಿಯ ನೆಲದ ಮೇಲೆ ಕೂತು ಏಳು, ಅಮ್ಮನ ಕಾಲು ಮುಟ್ಟು, ಎರಡೂ ಕೈ ಎತ್ತು. ಹೊಲಿಗೆ ಎಲ್ಲಿ ಹಿಡಿಯಿತೋ ಅಲ್ಲಿ ಬೆರಳಿಟ್ಟು ಟೈಲರಿಗೆ ತೋರಿಸು. ಸಡಿಲಿಸಬೇಕಾದ್ದು ಬಟ್ಟೆ, ನಿನ್ನ ಮೈಯಲ್ಲ.