ಕೋಶಭಿತ್ತಿಯ ಚರಿತ್ರೆಯಲ್ಲಿ ಧ್ರುವೀಕೃತ ಬೆಳಕಿನ ಸಾಕ್ಷ್ಯ

ಸೂಕ್ಷ್ಮದರ್ಶಕದ ಚರಿತ್ರೆಯನ್ನು ಹೇಳುವ ಪಠ್ಯಗಳಲ್ಲಿ ಒಂದು ರೂಢಿ ನೆಲೆಗೊಂಡಿದೆ. ಹದಿನೇಳನೆಯ ಶತಮಾನದ ಲೇವನ್‌ಹುಕನಿಂದ ಆರಂಭಿಸಿ, ಮಸೂರಗಳು ಉತ್ತಮಗೊಂಡ ಬಗೆಯನ್ನು ವಿವರಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಬಂದು ನಿಲ್ಲುವುದೇ ಆ ರೂಢಿ. ಇದರಂತೆ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಶಕ್ತಿಯ ಬೆಳವಣಿಗೆಯೇ ಈ ಉಪಕರಣದ ಚರಿತ್ರೆ. ಚರಿತ್ರೆಯ ಅಧ್ಯಾಪಕರಾದ ನಾವು ಈ ಕ್ಷೇತ್ರಕ್ಕೆ ಕಾಲಿಡುವುದು ಸಾಹಸವೆನಿಸಬಹುದು. ಆದರೆ ಇಲ್ಲಿಯ ಪ್ರಶ್ನೆ ಸಾಕ್ಷ್ಯಕ್ಕೆ ಸಂಬಂಧಿಸಿದುದು; ಸಾಕ್ಷ್ಯದ ಪರಿಶೀಲನೆ ನಮ್ಮ ಕಸುಬು. ಮೇಲಿನ ರೂಢಿಯು ಧ್ರುವೀಕೃತ ಬೆಳಕಿನ ಸಾಕ್ಷ್ಯವನ್ನು ಕೈಬಿಟ್ಟಿದೆಯೆಂಬುದು ನಮ್ಮ ಆಕ್ಷೇಪ.

ಸಾಮಾನ್ಯ ಬೆಳಕಿನ ಕಂಪನಗಳಿಗೆ ಗೊತ್ತಾದ ಒಂದು ದಿಕ್ಕೆಂಬುದಿಲ್ಲ. ಧ್ರುವೀಕೃತ ಬೆಳಕಿನಲ್ಲಿ ಅವು ಒಂದೇ ದಿಕ್ಕಿಗೆ ಕಟ್ಟುಬಿದ್ದಿರುತ್ತವೆ. ಐಸ್‌ಲೆಂಡಿನ ಒಂದು ಸ್ಫಟಿಕದ ಮೂಲಕ ನೋಡಿದರೆ ವಸ್ತು ಎರಡಾಗಿ ಕಾಣುವುದೆಂದು ಡೆನ್ಮಾರ್ಕಿನ ಬಾರ್ತೊಲಿನನು 1669ರಲ್ಲಿ ಪ್ರಕಟಿಸಿದನು. ಅದೇ ಬಗೆಯ ಸ್ಫಟಿಕದಿಂದ ಎಡಿನ್‌ಬರೋದ ನಿಕಲನು 1828ರಲ್ಲಿ ತನ್ನ ಪಟ್ಟಕವನ್ನು ರಚಿಸಿದನು. ಇಂತಹ ಎರಡು ಪಟ್ಟಕಗಳನ್ನು ಪರಸ್ಪರ ಅಡ್ಡಲಾಗಿ ನಿಲ್ಲಿಸಿದರೆ ಬೆಳಕು ದಾಟದೆ ನೋಟವೆಲ್ಲ ಕತ್ತಲಾಗುತ್ತದೆ. ಅವುಗಳ ನಡುವೆ, ಅಣುಗಳು ಒಂದು ಕ್ರಮದಲ್ಲಿ ಜೋಡಣೆಗೊಂಡ ವಸ್ತುವನ್ನಿಟ್ಟರೆ ಅದು ಕತ್ತಲಲ್ಲಿ ಹೊಳೆಯುತ್ತದೆ. ಸುತ್ತ ತಿರುಗಿಸಿದರೆ ನಾಲ್ಕು ನೆಲೆಗಳಲ್ಲಿ ಆರುತ್ತದೆ. ಈ ನೆಲೆಗಳಿಂದ ಜೋಡಣೆಯ ದಿಕ್ಕನ್ನು ತಿಳಿಯಬಹುದು. ಎಳೆ ಕಾಣುವುದಿಲ್ಲ; ಎಳೆ ಯಾವ ಕಡೆಗೆ ಹಾಸಿದೆಯೆಂಬುದು ಗೊತ್ತಾಗುತ್ತದೆ.

ಸ್ವಿಟ್ಸರ್ಲೆಂಡಿನ ಕಾರ್ಲ್ ನೇಗೆಲಿಯು 1858ರಲ್ಲಿ ಪಿಷ್ಟದ ಕಣಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಮುಂದೆ 1860ರ ದಶಕದಲ್ಲಿ ಕೋಶಭಿತ್ತಿಗಳನ್ನು ಧ್ರುವೀಕೃತ ಬೆಳಕಿನಲ್ಲಿ ಪರೀಕ್ಷಿಸಿ, ಅವು ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ಫಟಿಕರೂಪದ ಘಟಕಗಳಿಂದ ಕಟ್ಟಲ್ಪಟ್ಟಿವೆಯೆಂದು ವಾದಿಸಿದನು. ಆ ಘಟಕಗಳಿಗೆ ಮಿಸೆಲ್ ಎಂಬ ಹೆಸರನ್ನು ಅವನು ಕೊಟ್ಟುದು 1870ರ ದಶಕದಲ್ಲಿ. ಅವನ ಕಣ್ಣಿಗೆ ಒಂದು ಮಿಸೆಲ್ ಕೂಡ ಬಿದ್ದಿರಲಿಲ್ಲ.

ಈ ಊಹೆಯ ಪರೀಕ್ಷೆಗೆ ಒದಗಿದ ಜೀವಿಗಳಲ್ಲಿ ವಲೋನಿಯ ಎಂಬ ಸಮುದ್ರದ ಹಸುರು ಪಾಚಿ ಮುಖ್ಯವಾದುದು. ಬರಿಗಣ್ಣಿಗೆ ಗೋಲಿಯಂತೆ ಕಾಣುವ ಅದರ ಒಂದೊಂದು ಗುಳ್ಳೆಯೂ ಒಂದೇ ಕೋಶ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪ್ರೆಸ್ಟನ್ ಮತ್ತು ಆಸ್ಟ್‌ಬರಿ 1937ರಲ್ಲಿ ಅದರ ಭಿತ್ತಿಯನ್ನು ಧ್ರುವೀಕೃತ ಬೆಳಕು, ಕ್ಷ-ಕಿರಣ ಎರಡರಿಂದಲೂ ಶೋಧಿಸಿದರು. ಒಂದರ ಮೇಲೊಂದು ಹಾಸಿದ ಪದರಗಳ ಪರಿಣಾಮ ಧ್ರುವೀಕೃತ ಬೆಳಕಿನಲ್ಲಿ ಬೆರೆತು ಬರುತ್ತದೆ. ಕ್ಷ-ಕಿರಣಗಳು ಆ ದಿಕ್ಕುಗಳನ್ನು ಬೇರ್ಪಡಿಸಿ ತೋರಿದವು. ಸೆಲ್ಯುಲೋಸಿನ ಎಳೆಗಳು ಎರಡು ಮುಖ್ಯ ದಿಕ್ಕುಗಳಲ್ಲಿ ಒಂದನ್ನೊಂದು ಹಾಯ್ದಿವೆಯೆಂದು ತೀರ್ಮಾನವಾಯಿತು. 1948ರಲ್ಲಿ ಪ್ರೆಸ್ಟನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಎಲೆಕ್ಟ್ರಾನ್ ಚಿತ್ರಗಳಲ್ಲಿ ಆ ಎಳೆಗಳೇ ಕಂಡವು. ಈ ಚಿತ್ರಗಳಿಂದಲೇ ಕಥೆಯನ್ನು ಆರಂಭಿಸುವವರು ದೃಢೀಕರಣವನ್ನು ಶೋಧವೆಂದು ಎಣಿಸುತ್ತಾರೆ.

ಹಾಗೆಂದು ನೇಗೆಲಿಯನ್ನು ದ್ರಷ್ಟಾರನೆಂದು ಹೊಗಳುವುದೂ ಸಲ್ಲದು. ಭಿತ್ತಿಯಲ್ಲಿ ಸ್ಫಟಿಕದ ಕ್ರಮವಿದೆಯೆಂಬ ಅವನ ಮಾತು ನಿಂತಿತು. ಘಟಕಗಳು ಇಟ್ಟಿಗೆಗಳಂತೆ ಬಿಡಿಬಿಡಿಯೆಂಬ ಕಲ್ಪನೆ ನಿಲ್ಲಲಿಲ್ಲ, ಕಂಡುಬಂದುದು ನೀಳವಾದ ಎಳೆಗಳು. ಇದಲ್ಲದೆ, ಸ್ವತಃ ದ್ವಿವಕ್ರೀಭವನ ಗುಣವಿಲ್ಲದ ಸಣ್ಣ ಕಡ್ಡಿಗಳೂ ಬೇರೆ ವಕ್ರೀಭವನಾಂಕದ ಮಾಧ್ಯಮದಲ್ಲಿ ಸಾಲಾಗಿ ನಿಂತರೆ ಆ ಗುಣವನ್ನು ತೋರುವುವೆಂದು ವೀನರನು 1912ರಲ್ಲಿ ಗಣಿತದಿಂದ ಸ್ಥಾಪಿಸಿದನು. ಆದುದರಿಂದ ಹೊಳಪು ಕಂಡ ಮಾತ್ರಕ್ಕೆ ಸ್ಫಟಿಕವಿದೆಯೆನ್ನಲಾಗದು; ಮಾಧ್ಯಮವನ್ನು ಬದಲಿಸಿ ಬದಲಿಸಿ ನೋಡಬೇಕು. ಪಾಟೀಸವಾಲಿಲ್ಲದ ಸಾಕ್ಷಿ ಸಾಕ್ಷಿಯಲ್ಲ.

ಬ್ಯಾಕ್ಟೀರಿಯಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅವುಗಳ ಭಿತ್ತಿ ಬಲು ತೆಳು. ಆದುದರಿಂದ ಅದರಿಂದ ಹೊರಡುವ ಹೊಳಪು ತೀರ ಮಂಕು. ಇಲ್ಲಿ ಬಣ್ಣದ ನೆರವನ್ನು ಪಡೆಯುವುದುಂಟು. ಕಾಂಗೋ ಕೆಂಪು ಎಂಬ ಬಣ್ಣವನ್ನು ಹೀರಿದ ಅಮಿಲಾಯ್ಡ್ ಎಳೆಗಳು ಧ್ರುವೀಕೃತ ಬೆಳಕಿನಲ್ಲಿ ಹಸುರಾಗಿ ಕಾಣುತ್ತವೆಯೆಂಬುದು 1927ರಿಂದ ತಿಳಿದ ವಿಷಯ. ಈ. ಕೋಲಿಯ ಮೈಮೇಲಿನ ಕರ್ಲಿ ಎಂಬ ಎಳೆಗಳು ಇದೇ ವರ್ಗದವೆಂದು 2002ರಲ್ಲಿ ಸಿದ್ಧವಾಯಿತು. ಆದರೆ ಆ ಬಣ್ಣ ಸೆಲ್ಯುಲೋಸಿಗೂ ಅಂಟುತ್ತದೆ. ಕೆಂಪಾಯಿತೆಂಬುದಷ್ಟರಿಂದಲೇ ತೀರ್ಪು ಕೊಡುವುದು, ಮುದ್ರೆಯನ್ನು ನೋಡಿ ಶಾಸನವನ್ನು ಓದದೆ ಕಾಲನಿರ್ಣಯ ಮಾಡಿದಂತೆ.

ಕಂಡುದೇ ಸತ್ಯ, ಊಹಿಸಿದುದು ಕೇವಲ ಅಭಿಪ್ರಾಯ ಎಂಬ ಭಾವನೆಯನ್ನು ನಮ್ಮ ತರಗತಿಗಳು ವಿದ್ಯಾರ್ಥಿಗಳಲ್ಲಿ ಅರಿಯದೆಯೇ ಬೆಳೆಸುತ್ತಿವೆ. ವಿಜ್ಞಾನದ ವಿದ್ಯಾರ್ಥಿಗೂ ಚರಿತ್ರೆಯ ವಿದ್ಯಾರ್ಥಿಗೂ ಇದು ಹಾನಿ, ಏಕೆಂದರೆ ಇಬ್ಬರೂ ಹೆಚ್ಚಾಗಿ ಶೋಧಿಸುವುದು ಕಣ್ಣೆದುರಿಗಿಲ್ಲದುದನ್ನು. ವಲೋನಿಯದ ಪ್ರಸಂಗವನ್ನು ಪಾಠದಲ್ಲಿ ಸೇರಿಸಿದರೆ, ಪರೋಕ್ಷ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಚನೆಯನ್ನು ಅವರು ಅಲ್ಲಿಂದ ಕಲಿಯಬಲ್ಲರೆಂದು ನಾವು ನಂಬಿದ್ದೇವೆ.